ವಿದ್ಯಾವಿಕ್ರಯವೂ ಪುಸ್ತಕದಂಗಡಿಯ ಧರ್ಮವೂ

ವಿದ್ಯೆಯನ್ನು ಮಾರಬಹುದೆ ಎಂಬುದು ನಮ್ಮ ಧರ್ಮಚಿಂತನೆಯ ಅತಿ ಪ್ರಾಚೀನವಾದ ಪ್ರಶ್ನೆಗಳಲ್ಲೊಂದು. ಮಹಾಭಾರತದ ಅನುಶಾಸನಪರ್ವವು ನರಕಕ್ಕೆ ಹೋಗತಕ್ಕವರನ್ನು ಎಣಿಸುವಾಗ ವೇದವನ್ನು ಮಾರುವವರನ್ನು ಅವರಲ್ಲಿ ಸೇರಿಸುತ್ತದೆ. ವೇದವನ್ನು ಬರೆದಿಡುವವರನ್ನು ಕೂಡ ಅದೇ ಪಂಕ್ತಿಯಲ್ಲಿ ನಿಲ್ಲಿಸುತ್ತದೆ. ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದಲ್ಲಿ, ಕೇವಲ ಹೊಟ್ಟೆಪಾಡಿಗಾಗಿ ವಿದ್ಯೆಯನ್ನು ಇರಿಸಿಕೊಂಡವನು ಜ್ಞಾನವನ್ನು ಸರಕಾಗಿಸಿದ ವರ್ತಕನೆಂಬ ನಿಂದೆ ಕೇಳಿಬರುತ್ತದೆ. ಯವನದೇಶದ ಪ್ಲೇಟೋ ತನ್ನ ‘ಪ್ರೊಟಾಗೊರಸ್’ ಸಂವಾದದಲ್ಲಿ, ಹಣ ಪಡೆದು ವಿದ್ಯೆ ಹೇಳುವ ಪಂಡಿತರನ್ನು ಆತ್ಮದ ಆಹಾರವನ್ನು ಮಾರುವ ವ್ಯಾಪಾರಿಗಳೆಂದು ಸಾಕ್ರಟೀಸನ ಬಾಯಿಂದ ಹೇಳಿಸಿ, ಅವರಿಂದ ತರುಣರು ಎಚ್ಚರವಾಗಿರಬೇಕೆಂದು ಬೋಧಿಸುತ್ತಾನೆ. ದೇಶ ಬೇರೆ, ಕಾಲ ಬೇರೆ, ಮತ ಬೇರೆ. ಅಳುಕು ಮಾತ್ರ ಒಂದೇ. ಅರಿವು ಗುರುವಿನಿಂದ ಶಿಷ್ಯನಿಗೆ ಪ್ರೀತಿಯಿಂದ ಇಳಿದುಬರತಕ್ಕದ್ದು. ಅದಕ್ಕೆ ಬೆಲೆಯನ್ನು ಕಟ್ಟಿದೊಡನೆ, ಕೊಡುವವನ ದೃಷ್ಟಿ ಸತ್ಯವನ್ನು ಬಿಟ್ಟು ಹಣದ ಚೀಲದ ಕಡೆಗೂ, ಕೊಳ್ಳುವವನ ದೃಷ್ಟಿ ಶ್ರದ್ಧೆಯನ್ನು ಬಿಟ್ಟು ಲಾಭದ ಕಡೆಗೂ ತಿರುಗಿಬಿಡುತ್ತದೆಂಬ ಭೀತಿ ಆ ಹಿರಿಯರೆಲ್ಲರನ್ನೂ ಕಾಡಿತ್ತು.

ಹೀಗಿರುವಲ್ಲಿ, ಅರಿವಿನ ಗ್ರಂಥಗಳನ್ನು ಕಪಾಟಿನಲ್ಲಿ ಜೋಡಿಸಿ, ಬೆಲೆ ಹೇಳಿ, ಹಣವೆಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿಕೊಳ್ಳುವ ಪುಸ್ತಕದಂಗಡಿಯವನಿಗೆ ಧರ್ಮದ ಲೋಕದಲ್ಲಿ ಯಾವ ಸ್ಥಾನ? ಇದು ಪಂಡಿತರ ವಿನೋದಕ್ಕೆ ಮಾತ್ರ ಉಳಿದ ಪ್ರಶ್ನೆಯಲ್ಲ. ಒಬ್ಬನೋ ಒಂದು ಕುಟುಂಬವೋ ತಮ್ಮ ಬಂಡವಾಳದಿಂದ, ತಮ್ಮ ಅಭಿರುಚಿಯಿಂದ, ತಮ್ಮ ಹೊಣೆಯಿಂದ ನಡೆಸುವ ಸ್ವತಂತ್ರ ಪುಸ್ತಕದಂಗಡಿಗಳು ನಮ್ಮ ಕಣ್ಣ ಮುಂದೆಯೇ ಒಂದೊಂದಾಗಿ ಮುಚ್ಚುತ್ತಿರುವಾಗ, ಅವು ಉಳಿಯಬೇಕೆಂದು ಹಂಬಲಿಸುವ ನಾವು ಏಕೆ ಉಳಿಯಬೇಕೆಂಬುದಕ್ಕೆ ಹಳೆಯ ಮಮತೆಗಿಂತ ಗಟ್ಟಿಯಾದ ಕಾರಣವನ್ನು ಕೊಡಬೇಕಾಗಿದೆ. ವಿದ್ಯೆ ಮಾರಾಟದ ವಸ್ತುವಲ್ಲವೆಂಬ ಹಿರಿಯರ ಮಾತು ಸತ್ಯವೆಂದೂ, ಒಳ್ಳೆಯ ಪುಸ್ತಕದಂಗಡಿಯು ಆ ಸತ್ಯವನ್ನು ಉಲ್ಲಂಘಿಸದೆ ಅದಕ್ಕೆ ಸಂತೆಯ ನಡುವೆಯೇ ಒಂದು ನೆಲೆಯನ್ನು ಮಾಡಿಕೊಡುತ್ತದೆಂದೂ, ಸ್ವಾತಂತ್ರ್ಯವಿಲ್ಲದೆ ಅಂಗಡಿಗೆ ಈ ಶಕ್ತಿ ಬಾರದೆಂದೂ ನಾನು ನಂಬಿದ್ದೇನೆ. ಆ ನಂಬಿಕೆಯ ಆಧಾರಗಳನ್ನು ಇಲ್ಲಿ ಓದುಗರ ಮುಂದಿಡುತ್ತೇನೆ.

ಮೊದಲು ದಾನದ ಪಕ್ಷವನ್ನು ಅದರ ಪೂರ್ಣ ವೈಭವದಲ್ಲಿ ನೋಡುವುದು ನ್ಯಾಯ. ಜೈನಧರ್ಮವು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ದಾನವನ್ನು ನಾಲ್ಕು ಬಗೆಯಾಗಿ ವಿಂಗಡಿಸಿ, ಗ್ರಂಥವನ್ನು ಕೊಡುವುದನ್ನು ಪ್ರಾಣವನ್ನು ಕಾಯುವುದರ ಸರಿಸಮಕ್ಕೆ ತಂದಿತು. ಕನ್ನಡನಾಡಿನಲ್ಲಿ ಈ ಆದರ್ಶಕ್ಕೆ ಅತ್ತಿಮಬ್ಬೆಗಿಂತ ಉಜ್ಜ್ವಲವಾದ ನಿದರ್ಶನವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬಾಳಿ ದಾನಚಿಂತಾಮಣಿಯೆಂದು ಕೀರ್ತಿತಳಾದ ಈ ತಾಯಿ, ರನ್ನನಿಂದ ‘ಅಜಿತಪುರಾಣ’ವನ್ನು ಬರೆಯಿಸಿದ್ದಲ್ಲದೆ, ಪೊನ್ನನ ‘ಶಾಂತಿಪುರಾಣ’ವು ಲುಪ್ತವಾಗದಿರಲೆಂದು ಅದರ ಸಾವಿರ ಪ್ರತಿಗಳನ್ನು ಓಲೆಗರಿಯಲ್ಲಿ ಬರೆಯಿಸಿ ಹಂಚಿದಳು. ನಮ್ಮ ನಾಡಿಗೆ ಮುದ್ರಣವೆಂಬುದರ ಕಲ್ಪನೆಯೂ ಇಲ್ಲದ ಕಾಲದಲ್ಲಿ, ಒಂದೊಂದು ಗರಿಯನ್ನೂ ಕಂಠವೆಂಬ ಲೋಹದ ಲೇಖನಿಯಿಂದ ಕೊರೆಯಬೇಕಾಗಿದ್ದ ದಿನಗಳಲ್ಲಿ, ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ವರ್ಷಗಳ ದುಡಿಮೆಯೆಂಬುದನ್ನು ನೆನೆದರೆ ಮನಸ್ಸು ತಾನಾಗಿಯೇ ಬಾಗುತ್ತದೆ.

ಆದರೂ ಆ ಮಹಾದಾನದ ಸ್ವರೂಪದಲ್ಲಿಯೇ ಒಂದು ಮಿತಿಯಿರುವುದನ್ನು, ಅತ್ತಿಮಬ್ಬೆಯ ಹಿರಿಮೆಗೆ ಕಿಂಚಿತ್ತೂ ಊನವಿಲ್ಲದಂತೆ, ಗುರುತಿಸಬಹುದು. ದಾನದಲ್ಲಿ ಆಯ್ಕೆ ದಾತೃವಿನದು. ಪ್ರತಿಗ್ರಹಿಯು ಕೊಟ್ಟದ್ದನ್ನು ಕಣ್ಣಿಗೊತ್ತಿಕೊಂಡು ಪಡೆಯತಕ್ಕವನು. ಯಾವ ಗ್ರಂಥವು ಸಾವಿರವಾಗಿ ಬೆಳೆಯಬೇಕು, ಯಾವುದು ಒಂದೇ ಓಲೆಯ ಕಟ್ಟಿನಲ್ಲಿ ಗೆದ್ದಲಿಗೆ ಆಹಾರವಾಗಬೇಕು ಎಂಬುದನ್ನು ಓದುವವನ ಹಸಿವು ನಿರ್ಣಯಿಸಲಿಲ್ಲ, ಕೊಡುವವರ ಶ್ರದ್ಧೆ ನಿರ್ಣಯಿಸಿತು. ಕವಿಯ ಪಾಡೂ ಅಂತೆಯೇ. ಪಂಪನಿಗೆ ಅರಿಕೇಸರಿಯೂ ರನ್ನನಿಗೆ ಅತ್ತಿಮಬ್ಬೆಯೂ ದೊರೆತರು; ದೊರೆಯದೆಹೋದವರ ಹೆಸರುಗಳು ನಮ್ಮವರೆಗೆ ಬರಲಿಲ್ಲ. ಅಚ್ಚಿನ ಯಂತ್ರ ಬಂದು ಪುಸ್ತಕಕ್ಕೆ ಸಾಮಾನ್ಯನು ತೆರಬಲ್ಲ ಒಂದು ಬೆಲೆಯುಂಟಾದಾಗ, ಆ ಬೆಲೆಯು ಬರೆಯುವವನನ್ನು ಆಸ್ಥಾನದಿಂದಲೂ ಓದುವವನನ್ನು ಪ್ರತಿಗ್ರಹದ ಭಾರದಿಂದಲೂ ಬಿಡಿಸಿತು. ಹಣ ತೆತ್ತು ಕೊಂಡವನು ಯಾರಿಗೂ ಋಣಿಯಾಗದೆ ತನ್ನ ಮನಸ್ಸಿನ ಗ್ರಂಥವನ್ನು ಓದಬಲ್ಲನು, ಒಪ್ಪದಿದ್ದರೆ ಧಾರಾಳವಾಗಿ ಖಂಡಿಸಬಲ್ಲನು. ಬಡವನಿಗೆ ಇದು ಅಲ್ಪವಾದ ಗೌರವವಲ್ಲ.

ಒಡೆಯನೊಬ್ಬನಿಂದ ಬಿಡುಗಡೆ ಪಡೆದ ಪುಸ್ತಕವು ಇನ್ನೊಬ್ಬ ಒಡೆಯನ ಕೈಗೆ ಸಿಕ್ಕಿಬೀಳುವ ಅಪಾಯವೂ ಅಂದಿನಿಂದಲೇ ಮೊದಲಾಯಿತು. ಅರಸನ ಪ್ರಸನ್ನತೆಯ ಬದಲು ಬಹುಜನರ ಆ ಹೊತ್ತಿನ ಚಾಪಲ್ಯವು ಗ್ರಂಥದ ಆಯುಸ್ಸನ್ನು ನಿಶ್ಚಯಿಸತೊಡಗಿದರೆ, ಕಠಿನವಾದ, ಹೊಸದಾದ, ಮಿತಭಾಷಿಯಾದ, ಓದುಗರನ್ನು ಹತ್ತಿಪ್ಪತ್ತು ವರ್ಷ ಕಾಯಬೇಕಾದ ಪುಸ್ತಕ ಎಲ್ಲಿ ನಿಲ್ಲಬೇಕು? ದಾನದ ಆಯ್ಕೆಗೂ ಸಂತೆಯ ಗದ್ದಲಕ್ಕೂ ನಡುವೆ, ಎರಡರ ಗುಣವನ್ನೂ ಸ್ವಲ್ಪ ಸ್ವಲ್ಪ ಉಳಿಸಿಕೊಂಡು, ಎರಡರ ದೋಷವನ್ನೂ ತಿದ್ದಿಕೊಂಡು ನಿಂತಿರುವ ಸ್ಥಾನವೇ ಸ್ವತಂತ್ರ ಪುಸ್ತಕದಂಗಡಿ.

ಪ್ಲೇಟೋವಿನ ವಾದಕ್ಕೆ ಹಿಂದಿರುಗೋಣ. ಏಕೆಂದರೆ ಅದರ ಒಳಗೇ ಅದರ ಪರಿಹಾರವೂ ಅಡಗಿದೆ. ಅನ್ನಪಾನಗಳನ್ನು ಕೊಂಡವನು ಅವನ್ನು ಪಾತ್ರೆಯಲ್ಲಿ ಮನೆಗೆ ಒಯ್ದು, ಬಲ್ಲವರಿಗೆ ತೋರಿಸಿ, ಆಮೇಲೆ ತಿನ್ನಬಹುದು ಅಥವಾ ಚೆಲ್ಲಬಹುದು. ವಿದ್ಯೆಯನ್ನಾದರೋ ಒಯ್ಯುವುದಕ್ಕೆ ಬೇರೆ ಪಾತ್ರೆಯಿಲ್ಲ, ಆತ್ಮದಲ್ಲಿಯೇ ತುಂಬಿಕೊಂಡು ಹೊರಡಬೇಕಾದ್ದರಿಂದ, ಕೊಂಡ ಕ್ಷಣವೇ ಅದರ ಹಿತವೋ ಅಹಿತವೋ ಒಳಗಿಳಿದಿರುತ್ತದೆಂಬುದು ಸಾಕ್ರಟೀಸನ ಆಶಂಕೆ. ವಾಗ್ಮಿಯ ಎದುರು ಕುಳಿತು ಕೇಳುವವನ ವಿಷಯದಲ್ಲಿ ಇದು ಯಥಾರ್ಥವೆ. ಪುಸ್ತಕವೆಂಬುದೋ, ಸಾಕ್ರಟೀಸನು ಇಲ್ಲವೆಂದ ಆ ಪಾತ್ರೆಯೇ ಆಗಿದೆ. ಅದನ್ನು ಮನೆಗೆ ಒಯ್ಯಬಹುದು, ಮುಚ್ಚಿಡಬಹುದು, ಇನ್ನೊಬ್ಬರಿಗೆ ತೋರಿಸಬಹುದು, ಹತ್ತು ಪುಟ ಓದಿ ಒಂದು ವರ್ಷ ಬಿಟ್ಟು ಮತ್ತೆ ತೆಗೆಯಬಹುದು. ನಮ್ಮ ಸಮ್ಮತಿಯಿಲ್ಲದೆ ಅದು ನಮ್ಮೊಳಗೆ ನುಗ್ಗುವುದಿಲ್ಲ. ಈ ಪರೀಕ್ಷೆಯ ಅವಕಾಶವು ಮನೆಯಲ್ಲಿ ಆರಂಭವಾಗುವುದಕ್ಕಿಂತ ಮುಂಚೆ ಅಂಗಡಿಯಲ್ಲಿಯೇ ಆರಂಭವಾಗುತ್ತದೆ: ಹೊಟ್ಟೆಯ ಹಸಿವಿನ ಅಂಗಡಿಗಳಲ್ಲಿ ತಿಂದುನೋಡಿ ಕೊಳ್ಳಲು ಬಿಡುವವರು ವಿರಳ, ಪುಸ್ತಕದಂಗಡಿಯಲ್ಲಿ ತೆರೆದುನೋಡುವುದೇ ಮರ್ಯಾದೆ. ಹೀಗೆ ನೋಡಿದರೆ, ಅಂಗಡಿಯವನು ಮಾರುವುದು ಪಾತ್ರೆಯನ್ನು, ಎಂದರೆ ಕಾಗದ, ಅಚ್ಚು, ರಟ್ಟು, ಸಾಗಣೆ ಇವುಗಳ ಮೊತ್ತವನ್ನು ಮಾತ್ರ. ಅದರೊಳಗಿನ ಅರಿವು ಮಾರಲ್ಪಡುವುದೂ ಇಲ್ಲ, ಹಣವುಳ್ಳವನಿಗೆ ಹಣದ ಬಲದಿಂದಲೇ ದಕ್ಕುವುದೂ ಇಲ್ಲ.

ಪಾತ್ರೆಯನ್ನು ಮಾರುವುದರೊಂದಿಗೆ ಅವನು ಬೆಲೆಯಿಲ್ಲದ ಇನ್ನೊಂದನ್ನು ಕೊಡುತ್ತಾನೆ. ಅದೇನೆಂಬುದನ್ನು ತಿಳಿಯಲು ತತ್ತ್ವಶಾಸ್ತ್ರದ ಇತಿಹಾಸದಲ್ಲಿ ಒಂದು ರಮ್ಯವಾದ ಕಥೆಯಿದೆ. ಕ್ರಿಸ್ತಪೂರ್ವ 4ನೆಯ ಶತಮಾನದ ಅಂತ್ಯಭಾಗದಲ್ಲಿ, ಸೈಪ್ರಸ್ ದ್ವೀಪದ ಜೀನೋ ಎಂಬ ವರ್ತಕನು ಧೂಮ್ರವರ್ಣದ ಬೆಲೆಬಾಳುವ ಸರಕಿನೊಂದಿಗೆ ಬರುತ್ತಿದ್ದಾಗ ಹಡಗು ಒಡೆದು, ಸರ್ವಸ್ವವನ್ನೂ ಕಳೆದುಕೊಂಡು ಅಥೆನ್ಸ್ ನಗರವನ್ನು ಸೇರಿ, ಒಬ್ಬ ಪುಸ್ತಕವ್ಯಾಪಾರಿಯ ಅಂಗಡಿಯಲ್ಲಿ ಕುಳಿತನೆಂದು ಡಯೋಜಿನಿಸ್ ಲೇರ್ಷಿಯಸ್ ಬರೆದಿದ್ದಾನೆ. ಅಂಗಡಿಯವನು ಸಾಕ್ರಟೀಸನ ವಿಷಯವಾಗಿ ಜೆನೊಫನ್ ರಚಿಸಿದ ಸ್ಮರಣಗ್ರಂಥದ ಎರಡನೆಯ ಭಾಗವನ್ನು ಗಟ್ಟಿಯಾಗಿ ಓದುತ್ತಿದ್ದನು. ಕೇಳಿ ಪುಳಕಿತನಾದ ಜೀನೋ ಇಂಥ ಮನುಷ್ಯರು ಎಲ್ಲಿ ಸಿಕ್ಕುವರೆಂದು ವಿಚಾರಿಸಿದನು. ಅದೇ ಹೊತ್ತಿಗೆ ಕ್ರೇಟೀಸನೆಂಬ ವಿರಕ್ತನು ಬೀದಿಯಲ್ಲಿ ಹಾದುಹೋಗುತ್ತಿರಲು, ಅಂಗಡಿಯವನು ಅವನನ್ನು ತೋರಿಸಿ, ಅವನ ಹಿಂದೆ ಹೋಗೆಂದನು. ಜೀನೋ ಹೋದನು. ಸುಖದುಃಖಗಳಲ್ಲಿ ಸಮಚಿತ್ತತೆಯನ್ನು ಬೋಧಿಸುವ ಸ್ಟೋಯಿಕ್ ದರ್ಶನವು ಅವನಿಂದ ಹುಟ್ಟಿ, ದಾಸನಾಗಿದ್ದ ಎಪಿಕ್ಟೆಟಸ್ಸನಿಗೂ ಚಕ್ರವರ್ತಿಯಾಗಿದ್ದ ಮಾರ್ಕಸ್ ಅರೀಲಿಯಸನಿಗೂ ಸಮಾನವಾದ ಆಶ್ರಯವಾಯಿತು.

ಆ ಅಂಗಡಿಯವನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಅವನು ಮಾಡಿದುದಾದರೂ ಏನು? ಬರಿಗೈಯಾಗಿದ್ದವನನ್ನು ಒಳಗೆ ಕೂರಲು ಬಿಟ್ಟನು. ತಾನೇ ಓದುಗನಾಗಿದ್ದುದರಿಂದ ಅವನಿಗೆ ಕೇಳಿಸುವಂತೆ ಓದಿದನು. ಕೇಳಿದ ಪ್ರಶ್ನೆ ಪುಸ್ತಕದ ಬೆಲೆಯನ್ನು ಕುರಿತದ್ದಲ್ಲವೆಂದು ಅರಿತು, ತನಗೆ ಒಂದು ಕಾಸೂ ಹುಟ್ಟದ ಉತ್ತರವನ್ನು ಕೊಟ್ಟನು. ಒಬ್ಬನ ಜಿಜ್ಞಾಸೆಯನ್ನು ಅದಕ್ಕೆ ತಕ್ಕ ಅರಿವಿನೊಡನೆ ಕೂಡಿಸುವ ಈ ಸಂಬಂಧಘಟನೆಯೇ ಪುಸ್ತಕದಂಗಡಿಯ ನಿಜವಾದ ದಾನ. ಅದಕ್ಕೆ ರಸೀತಿಯಿಲ್ಲ; ಅದನ್ನು ಪುಸ್ತಕದ ಬೆಲೆಯಲ್ಲಿ ಸೇರಿಸಲೂ ಬಾರದು.

ಚೀನಾದೇಶದ ಪರಂಪರೆಯಲ್ಲಿಯೂ ಇದಕ್ಕೆ ಸಂವಾದಿಯಾದ ವೃತ್ತಾಂತವೊಂದುಂಟು. ಕ್ರಿಸ್ತಶಕ 1ನೆಯ ಶತಮಾನದಲ್ಲಿದ್ದ ವಾಂಗ್ ಚುಂಗ್ ಎಂಬ ನಿರ್ಭೀತ ವಿಚಾರವಾದಿಯು ಪುಸ್ತಕ ಕೊಳ್ಳಲಾರದಷ್ಟು ಬಡವನಾಗಿದ್ದುದರಿಂದ, ರಾಜಧಾನಿಯಾದ ಲೊಯಾಂಗ್ ನಗರದ ಪೇಟೆಯ ಅಂಗಡಿಗಳಲ್ಲಿ ನಿಂತು ಓದಿ, ಒಮ್ಮೆ ಓದಿದ್ದನ್ನು ಕಂಠಸ್ಥ ಮಾಡಿಕೊಂಡು, ನಾನಾ ಶಾಸ್ತ್ರಗಳಲ್ಲಿ ಪಾರಂಗತನಾದನೆಂದು ಅವನ ಚರಿತ್ರೆಯಲ್ಲಿದೆ. 10ನೆಯ ಶತಮಾನದ ಬಾಗ್ದಾದಿನಲ್ಲಿ ಇಬ್ನ್ ಅಲ್ ನದೀಮ್ ಎಂಬ ಪುಸ್ತಕವ್ಯಾಪಾರಿಯು ತನ್ನ ಕಾಲದಲ್ಲಿ ಅರಬ್ಬೀ ಭಾಷೆಯಲ್ಲಿ ತಾನು ಬಲ್ಲ ಗ್ರಂಥಗಳನ್ನೆಲ್ಲ ವಿಷಯಾನುಸಾರವಾಗಿ ಪಟ್ಟಿಮಾಡಿ ‘ಫಿಹ್ರಿಸ್ತ್’ ಎಂಬ ಸೂಚಿಯನ್ನು ರಚಿಸಿದನು. ಅವನು ಹೆಸರಿಸಿದ ಎಷ್ಟೋ ಗ್ರಂಥಗಳು ನಾಶವಾಗಿ, ಅವು ಇದ್ದವೆಂಬುದಕ್ಕೆ ಇಂದು ಆ ಸೂಚಿಯೊಂದೇ ಸಾಕ್ಷಿಯಾಗಿದೆ. ಬೌದ್ಧರ ಅಂಗುತ್ತರನಿಕಾಯದಲ್ಲಿ ಉಪಾಸಕನು ಮಾಡಬಾರದ ವ್ಯಾಪಾರಗಳೆಂದು ಶಸ್ತ್ರ, ಪ್ರಾಣಿ, ಮಾಂಸ, ಮದ್ಯ, ವಿಷ ಎಂಬ ಐದನ್ನು ಹೇಳಿದೆ, ಪುಸ್ತಕವು ಅವುಗಳಲ್ಲಿಲ್ಲ. ಮಾನವಕುಲದ ಧಾರ್ಮಿಕ ವಿವೇಕವು ಒಂದು ಕಡೆ ವಿದ್ಯಾವಿಕ್ರಯವನ್ನು ಖಂಡಿಸುತ್ತಲೇ, ಇನ್ನೊಂದು ಕಡೆ ಇಂಥ ಅಂಗಡಿಗಳನ್ನು ಸುಮ್ಮನೆ ಸಮ್ಮತಿಸಿಕೊಂಡು ಬಂದಿರುವುದು ಅಕಾರಣವಲ್ಲ.

ಓದುಗನಿಗೆ ಈ ಅಂಗಡಿಯಿಂದಾಗುವ ಪ್ರಯೋಜನವನ್ನು ಇನ್ನಷ್ಟು ಸೂಕ್ಷ್ಮವಾಗಿ ಹೇಳಬೇಕಾದರೆ ಕಠೋಪನಿಷತ್ತಿನ ಕಡೆಗೆ ನೋಡಬೇಕು. ಹಿತವಾದ ಶ್ರೇಯಸ್ಸು ಬೇರೆ, ಪ್ರಿಯವಾದ ಪ್ರೇಯಸ್ಸು ಬೇರೆ; ಎರಡೂ ಮನುಷ್ಯನ ಬಳಿಗೆ ಬರುತ್ತವೆ; ಧೀರನು ವಿವೇಚಿಸಿ ಮೊದಲನೆಯದನ್ನು ವರಿಸುತ್ತಾನೆಂದು ಯಮನು ನಚಿಕೇತನಿಗೆ ತಿಳಿಸುತ್ತಾನಷ್ಟೆ. ಇಂದು ಅಂತರ್ಜಾಲದ ಬೃಹದ್ವ್ಯಾಪಾರವು ನಮ್ಮ ಮುಂದೆ ಪುಸ್ತಕಗಳನ್ನು ತಂದಿಡುವ ಕ್ರಮವನ್ನು ಗಮನಿಸಿದರೆ, ಅದು ಸಂಪೂರ್ಣವಾಗಿ ಪ್ರೇಯಸ್ಸಿನ ಗಣಿತವೆಂಬುದು ಕಾಣುತ್ತದೆ. ನಾವು ಹಿಂದೆ ಏನನ್ನು ಕೊಂಡೆವು, ಏನನ್ನು ನೋಡಿದೆವು, ನಮ್ಮಂಥವರು ಏನನ್ನು ಕೊಂಡರು ಎಂಬುದರ ಲೆಕ್ಕದಿಂದ ಅದು ಮುಂದಿನದನ್ನು ಸೂಚಿಸುತ್ತದೆ. ನಮ್ಮ ವಾಸನೆಗಳನ್ನೇ ಬೆಳೆಸಿ ನಮಗೆ ಹಿಂದಿರುಗಿಸುತ್ತದೆ. ಅಂಗಡಿಯ ಮಾಡೇ ಕಾಣದ ಹಳ್ಳಿಗೂ ಬೇಕಾದ ಗ್ರಂಥವನ್ನು ನಾಲ್ಕು ದಿನದಲ್ಲಿ ಮುಟ್ಟಿಸುವ ಅದರ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಬೇಕೆಂದು ನಮಗೆ ಮೊದಲೇ ಗೊತ್ತಿರುವುದನ್ನು ತರಿಸಿಕೊಳ್ಳುವುದಕ್ಕೆ ಅದಕ್ಕಿಂತ ಸುಲಭವಾದ ಸಾಧನವಿಲ್ಲ. ಆದರೆ ಮನುಷ್ಯನನ್ನು ಮಾರ್ಪಡಿಸುವ ಪುಸ್ತಕವು ಬಹುಮಟ್ಟಿಗೆ, ಬೇಕೆಂದು ಅವನಿಗೆ ಗೊತ್ತೇ ಇರದಿದ್ದ ಪುಸ್ತಕ. ಅದು ಕಾಣಸಿಕ್ಕಬೇಕಾದರೆ ನಮ್ಮ ವಾಸನೆಗೆ ಹೊರಗಿನವನಾದ, ಆದರೆ ನಮ್ಮ ಮುಖದ ಪರಿಚಯವುಳ್ಳ, ಇನ್ನೊಬ್ಬ ಮನುಷ್ಯನ ವಿವೇಕವು ಆ ಕಪಾಟುಗಳನ್ನು ಜೋಡಿಸಿರಬೇಕು.

ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ 1971ರಿಂದ 2009ರವರೆಗೆ ಪ್ರೀಮಿಯರ್ ಬುಕ್ ಶಾಪನ್ನು ನಡೆಸಿದ ಟಿ. ಎಸ್. ಶಾನಭಾಗರು ಇಂಥ ವಿವೇಕಕ್ಕೆ ಮೂರ್ತರೂಪವಾಗಿದ್ದರು. ಆ ಕಿರಿದಾದ ಸ್ಥಳದಲ್ಲಿ ಪುಸ್ತಕಗಳು ನೆಲದಿಂದ ತಲೆಯೆತ್ತರಕ್ಕೆ ರಾಶಿರಾಶಿಯಾಗಿ ಏರಿದ್ದರೂ, ಕೇಳಿದ ಗ್ರಂಥ ಯಾವ ರಾಶಿಯ ಯಾವ ಭಾಗದಲ್ಲಿದೆಯೆಂಬುದು ಅವರಿಗೆ ಗೊತ್ತಿತ್ತು. ಯಾವ ಗಿರಾಕಿಗೆ ಯಾವುದು ರುಚಿಸೀತೆಂಬುದೂ ಗೊತ್ತಿತ್ತು. ಕೇಳದೆಯೇ ರಿಯಾಯಿತಿ ಕೊಡುತ್ತಿದ್ದರು. ಅವರ ಬಂಧುವಾದ ಟಿ. ಎನ್. ಶಾನಭಾಗರು 1948ರಲ್ಲಿ ಮುಂಬಯಿಯ ಸ್ಟ್ರಾಂಡ್ ಚಿತ್ರಮಂದಿರದ ಒಂದು ಮೂಲೆಯಲ್ಲಿ ತೊಡಗಿದ ಪುಸ್ತಕದ ಕಟ್ಟೆಯು ಎಪ್ಪತ್ತು ವರ್ಷ ಬಾಳಿ, ಒಂದು ಮಹಾನಗರದ ಓದಿಗೆ ದಿಕ್ಕನ್ನು ತೋರಿಸಿತು. 2003ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ, ಪುಸ್ತಕ ಮಾರುವ ವೃತ್ತಿಯೂ ರಾಷ್ಟ್ರಸೇವೆಯೆಂದು ಸರಕಾರ ಒಪ್ಪಿದಂತಾಯಿತು. ಎರಡು ಅಂಗಡಿಗಳೂ ಈಗ ಇಲ್ಲ. ಅವುಗಳೊಂದಿಗೆ ಹೋದದ್ದು ಪುಸ್ತಕಗಳ ದಾಸ್ತಾನಲ್ಲ, ಅದು ಬೇರೆಡೆ ಸಿಕ್ಕುತ್ತದೆ; ಸಾವಿರಾರು ಓದುಗರ ಒಳಗನ್ನು ಬಲ್ಲ ಒಂದು ನೆನಪು ಹೋಯಿತು.

ಇನ್ನು ಲೇಖಕನ ಪಕ್ಷ. ಬರೆಯುವವನು ಏಕಾಂತದಲ್ಲಿ ಬರೆದು ಮುಗಿಸಿದ ಮೇಲೆ ಅವನಿಗೆ ಅತ್ಯಂತ ಅಗತ್ಯವಾದುದು ಪ್ರಶಂಸೆಯಲ್ಲ. ತನ್ನ ಕೃತಿಯ ಮೇಲೆ ತನ್ನಷ್ಟೇ ಶ್ರದ್ಧೆಯನ್ನಿಟ್ಟು, ಆ ಶ್ರದ್ಧೆಗಾಗಿ ಸ್ವಂತ ಹಣವನ್ನೂ ಹೆಸರನ್ನೂ ಪಣಕ್ಕೊಡ್ಡುವ ಇನ್ನೊಬ್ಬ ಮನುಷ್ಯ. ಕನ್ನಡದಲ್ಲಿ ಅಂಥವರು ಇಲ್ಲದಿದ್ದ ಕಾಲದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು, ಊರಿಂದೂರಿಗೆ ನಡೆದು, ಮನೆಬಾಗಿಲಿಗೆ ಹೋಗಿ ಮಾರಿದರು; ಉತ್ತರ ಕರ್ನಾಟಕದಲ್ಲಿ ಕನ್ನಡ ಓದುಗರ ಒಂದು ವರ್ಗವೇ ಆ ಹೆಗಲ ಮೇಲಿನಿಂದ ಇಳಿದು ಬಂದಿತು. ಆ ಹೊರೆಯನ್ನು ಲೇಖಕನ ಹೆಗಲಿನಿಂದ ತಮ್ಮ ಹೆಗಲಿಗೆ ವರ್ಗಾಯಿಸಿಕೊಂಡವರಲ್ಲಿ ಧಾರವಾಡದ ಜಿ. ಬಿ. ಜೋಶಿಯವರು ಅಗ್ರಗಣ್ಯರು. 1933ರಲ್ಲಿ ಅವರು ಆರಂಭಿಸಿದ ಮನೋಹರ ಗ್ರಂಥಮಾಲೆಯು, ಇಂಥಿಂಥ ಪುಸ್ತಕ ಬರುತ್ತದೆಂದು ನಂಬಿ ಮುಂಗಡ ಹಣ ಕೊಡುವ ಚಂದಾದಾರರ ಬಲದಿಂದ ನಿಂತು, ಸುಭಾಸ ರಸ್ತೆಯ ‘ಅಟ್ಟ’ದಲ್ಲಿ ಪುಸ್ತಕಗಳ ನಡುವೆ ಬರೆಯುವವರೂ ಓದುವವರೂ ವಾದಿಸುತ್ತ ಕೂರುವ ಒಂದು ಮುಕ್ತಗೋಷ್ಠಿಯಾಯಿತು. ಇಪ್ಪತ್ತರ ಆಸುಪಾಸಿನ ತರುಣ ಗಿರೀಶ ಕಾರ್ನಾಡರ ‘ಯಯಾತಿ’ ನಾಟಕವನ್ನು 1961ರಲ್ಲಿ ಬೆಳಕಿಗೆ ತಂದದ್ದು ಅದೇ ಸಂಸ್ಥೆ. ಹೆಸರಿಲ್ಲದವನ ಮೊದಲ ಕೃತಿಯಲ್ಲಿ ಹಣವನ್ನು ಹೂಡುವುದು ಲಾಭದ ಲೆಕ್ಕಾಚಾರಕ್ಕೆ ನಿಲುಕುವ ಕಾರ್ಯವಲ್ಲ.

ಈ ಶ್ರದ್ಧೆಯು ಎಷ್ಟು ದೂರ ಹೋಗಬಲ್ಲದೆಂಬುದನ್ನು ಪ್ಯಾರಿಸ್ ನಗರದ ಒಂದು ಅಂಗಡಿಯ ಚರಿತ್ರೆ ತೋರಿಸುತ್ತದೆ. ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರ ಮಗಳಾದ ಸಿಲ್ವಿಯಾ ಬೀಚ್ ಎಂಬ ಅಮೆರಿಕದ ಮಹಿಳೆ 1919ರ ನವೆಂಬರಿನಲ್ಲಿ ಅಲ್ಲಿ ‘ಶೇಕ್ಸ್‌ಪಿಯರ್ ಅಂಡ್ ಕಂಪನಿ’ ಎಂಬ ಅಂಗಡಿಯನ್ನು ತೆರೆದರು. ಮಾರುವುದರೊಂದಿಗೆ ಅಲ್ಪ ಚಂದಾಕ್ಕೆ ಎರವಲು ಕೊಡುವ ಗ್ರಂಥಭಂಡಾರವೂ ಅದಾಗಿತ್ತು. ಜೇಮ್ಸ್ ಜಾಯ್ಸನ ‘ಯುಲಿಸಿಸ್’ ಕಾದಂಬರಿಯ ಭಾಗಗಳನ್ನು ಪ್ರಕಟಿಸಿದ್ದಕ್ಕಾಗಿ 1921ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಒಂದು ಪತ್ರಿಕೆಯ ಸಂಪಾದಕಿಯರನ್ನು ದಂಡಿಸಿ, ಆಂಗ್ಲ ಭಾಷೆಯ ದೇಶಗಳಲ್ಲಿ ಅದನ್ನು ಮುಟ್ಟಲು ಪ್ರಕಾಶಕರೂ ಮುದ್ರಕರೂ ಹೆದರಿ ಹಿಂಜರಿದಾಗ, ಅದುವರೆಗೆ ಒಂದು ಪುಸ್ತಕವನ್ನೂ ಪ್ರಕಟಿಸದಿದ್ದ ಈ ಅಂಗಡಿಕಾರ್ತಿಯು ತಾನು ಪ್ರಕಟಿಸುತ್ತೇನೆಂದು ಮುಂದೆ ಬಂದರು. ಸಾವಿರ ಪ್ರತಿಗಳಿಗೆ ಮುಂಗಡ ಚಂದಾದಾರರನ್ನು ಕೂಡಿಸಿದರು. ಕರಡಚ್ಚಿನ ಅಂಚುಗಳಲ್ಲಿ ಲೇಖಕನು ಕೃತಿಯನ್ನು ಹೊಸದಾಗಿ ಬರೆದು ಬೆಳೆಸುತ್ತ ಹೋದಾಗ, ಏರುತ್ತಿದ್ದ ಖರ್ಚನ್ನು ಲೆಕ್ಕಿಸದೆ ಅವನಿಷ್ಟದಂತೆ ನಡೆಯಲು ಬಿಟ್ಟರು. 1922ರ ಫೆಬ್ರವರಿ 2ರಂದು, ಜಾಯ್ಸನ ನಲವತ್ತನೆಯ ಹುಟ್ಟಿದ ದಿನ, ಡಿಜಾನ್ ಪಟ್ಟಣದ ಮುದ್ರಕನಿಂದ ರೈಲಿನಲ್ಲಿ ಬಂದ ಮೊದಲ ಪ್ರತಿ ಅವನ ಕೈ ಸೇರಿತು. ಮುಂದೆ ಅಮೆರಿಕದ ದೊಡ್ಡ ಸಂಸ್ಥೆಯೊಂದು ಅದೇ ಕೃತಿಯನ್ನು ಪ್ರಕಟಿಸಿ ಲಾಭ ಪಡೆದಾಗ ಬೀಚರಿಗೆ ಅದರಲ್ಲಿ ಪಾಲು ಬರಲಿಲ್ಲ. ಅಂಗಡಿ ಸಂಕಟಕ್ಕೆ ಸಿಲುಕಿದ 1936ರಲ್ಲಿ ಆಂದ್ರೆ ಜೀದ್ ಮೊದಲಾದ ಸಾಹಿತಿಗಳು ಒಂದು ಮಿತ್ರಮಂಡಲಿಯನ್ನು ಕಟ್ಟಿ, ತಮ್ಮ ಕೃತಿಗಳನ್ನು ಅಲ್ಲಿ ಓದಿ, ಚಂದಾ ಕೂಡಿಸಿ ಅದನ್ನು ಉಳಿಸಿದರು. ಲೇಖಕನು ಅಂಗಡಿಗೆ ಸಲ್ಲಿಸತಕ್ಕ ಋಣವೂ ಒಂದುಂಟೆಂಬುದನ್ನು ಅವರು ಅರಿತಿದ್ದರು.

ಈಗ ಸ್ವಾತಂತ್ರ್ಯದ ಮಾತು. ಇಂಥ ಅಂಗಡಿಯ ಗುಣಗಳನ್ನೆಲ್ಲ ಒಂದು ದೊಡ್ಡ ಸಂಸ್ಥೆಯು ನೂರು ಶಾಖೆಗಳಲ್ಲಿ ಸ್ಥಾಪಿಸಬಾರದೇಕೆ ಎಂದು ಕೇಳಬಹುದು. ಉತ್ತರವು ನಮ್ಮ ಶಾಸ್ತ್ರಕಾರರ ದಾನವಿಚಾರದಲ್ಲಿಯೇ ಇದೆ. ಒಂದು ವಸ್ತುವಿನಲ್ಲಿ ತನಗಿರುವ ಸ್ವತ್ವವನ್ನು ಬಿಟ್ಟು ಇನ್ನೊಬ್ಬನ ಸ್ವತ್ವವನ್ನು ಉಂಟುಮಾಡುವುದೇ ದಾನವೆಂದು ಅವರ ಲಕ್ಷಣ. ತನ್ನದಲ್ಲದ್ದನ್ನು ಯಾರೂ ಕೊಡಲಾರರೆಂಬುದು ಅದರಿಂದ ಸಿದ್ಧವಾಗುತ್ತದೆ. ಸರ್ವಸ್ವವನ್ನೂ ಕೊಟ್ಟುಬಿಡಬೇಕಾದ ವಿಶ್ವಜಿತ್ ಯಾಗದಲ್ಲಿ ಸಾರ್ವಭೌಮನು ಭೂಮಂಡಲವನ್ನೇ ಕೊಡಬಹುದೆ ಎಂಬ ಪ್ರಶ್ನೆಯನ್ನೆತ್ತಿದ ಮೀಮಾಂಸಕರು, ಭೂಮಿಯು ರಾಜನೊಬ್ಬನ ಸ್ವತ್ತಲ್ಲ, ಆದಕಾರಣ ಕೊಡಲಾಗದೆಂದು ತೀರ್ಮಾನಿಸಿದರು. ದೂರದ ಕಚೇರಿಯಲ್ಲಿ ಕುಳಿತವರು ಆರಿಸಿ ಕಳುಹಿಸಿದ ಪುಸ್ತಕಗಳನ್ನು ಸೂಚನೆಯಂತೆ ಜೋಡಿಸುವ ನೌಕರನು ಎಷ್ಟೇ ಸಜ್ಜನನಾಗಿರಲಿ, ಎಷ್ಟೇ ಓದಿರಲಿ, ಆ ಆಯ್ಕೆ ಅವನದಲ್ಲ. ತನ್ನದಲ್ಲದ ಆಯ್ಕೆಯನ್ನು ಅವನು ಓದುಗನಿಗೆ ಕೊಡುವುದು ಹೇಗೆ? ಪಾಶ್ಚಾತ್ಯ ದೇಶಗಳ ಸರಣಿಮಳಿಗೆಗಳಲ್ಲಿ ಮುಂದಿನ ಮೇಜಿನ ಜಾಗವನ್ನು ಪ್ರಕಾಶಕರಿಂದ ಹಣ ಪಡೆದು ಕೊಡುವ ಪದ್ಧತಿ ಬೆಳೆದಾಗ, ಓದುಗನು ಶಿಫಾರಸೆಂದು ತಿಳಿದದ್ದು ವಾಸ್ತವವಾಗಿ ಬಾಡಿಗೆಯಾಗಿತ್ತು. ಬ್ರಿಟನ್ನಿನ ವಾಟರ್‌ಸ್ಟೋನ್ಸ್ ಸಂಸ್ಥೆಯು ಕ್ಷೀಣದಶೆಗೆ ಬಂದಿದ್ದಾಗ, 2011ರಲ್ಲಿ ಅದರ ಆಡಳಿತ ವಹಿಸಿಕೊಂಡ ಜೇಮ್ಸ್ ಡಾಂಟ್ ಆ ಹಣವನ್ನು ತಿರಸ್ಕರಿಸಿ, ಪುಸ್ತಕಗಳನ್ನು ಆರಿಸುವ ಅಧಿಕಾರವನ್ನು ಆಯಾ ಊರಿನ ಅಂಗಡಿಯವರಿಗೇ ಬಿಟ್ಟುಕೊಟ್ಟರು, ಸಂಸ್ಥೆ ಚೇತರಿಸಿಕೊಂಡಿತು. ದೊಡ್ಡದೂ ಕೂಡ ತನ್ನೊಳಗೆ ಸ್ವತಂತ್ರವಾದ ಚಿಕ್ಕದನ್ನು ಸೃಷ್ಟಿಸಿಕೊಂಡೇ ಬದುಕಬೇಕಾಯಿತೆಂಬುದು ಇದರ ತಾತ್ಪರ್ಯ.

ಕೊಡುವ ಅಧಿಕಾರವುಳ್ಳವನಿಗೆ ಮಾತ್ರವೇ ಕೊಡದಿರುವ ಅಧಿಕಾರವೂ ಇರುತ್ತದೆ. 1941ರಲ್ಲಿ, ಪ್ಯಾರಿಸ್ ಜರ್ಮನರ ವಶದಲ್ಲಿದ್ದಾಗ, ಸೈನ್ಯಾಧಿಕಾರಿಯೊಬ್ಬನು ಸಿಲ್ವಿಯಾ ಬೀಚರ ಅಂಗಡಿಗೆ ಬಂದು ಕಿಟಕಿಯಲ್ಲಿಟ್ಟಿದ್ದ ಜಾಯ್ಸನ ‘ಫಿನ್ನೆಗನ್ಸ್ ವೇಕ್’ ಪ್ರತಿಯನ್ನು ಕೇಳಲು, ಅದು ಮಾರುವುದಕ್ಕಲ್ಲವೆಂದು ಬೀಚ್ ನಿರಾಕರಿಸಿದರು. ಅವನು ಎಲ್ಲವನ್ನೂ ಜಪ್ತಿ ಮಾಡುವೆನೆಂದು ಬೆದರಿಸಿ ಹೋದ ಕೆಲವೇ ಗಂಟೆಗಳಲ್ಲಿ, ಸ್ನೇಹಿತರು ಪುಸ್ತಕಗಳನ್ನೆಲ್ಲ ಅದೇ ಕಟ್ಟಡದ ಮೇಲಂತಸ್ತಿಗೆ ಸಾಗಿಸಿದರು, ಫಲಕದ ಮೇಲಿನ ಹೆಸರಿಗೆ ಬಣ್ಣ ಬಳಿದರು. ಅಂಗಡಿ ಮುಚ್ಚಿತು, ಬೀಚ್ ಕೆಲವು ತಿಂಗಳು ಬಂಧನಶಿಬಿರದಲ್ಲಿದ್ದರು, ಮತ್ತೆ ಅದನ್ನು ತೆರೆಯಲಿಲ್ಲ. 1957ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಸಿಟಿ ಲೈಟ್ಸ್ ಅಂಗಡಿಯಲ್ಲಿ ಕವಿ ಗಿನ್ಸ್‌ಬರ್ಗನ ‘ಹೌಲ್’ ಕವಿತಾಸಂಗ್ರಹವನ್ನು ಮಾರಿದ್ದಕ್ಕಾಗಿ ಪೊಲೀಸರು ಶಿಗೆಯೋಶಿ ಮುರಾವೋ ಎಂಬ ಮಾರಾಟಗಾರರನ್ನು ಬಂಧಿಸಿದರು. ಅಂಗಡಿಯ ಒಡೆಯರೂ ಪ್ರಕಾಶಕರೂ ಆದ ಲಾರೆನ್ಸ್ ಫರ್ಲಿಂಗೆಟ್ಟಿ ಆಪಾದಿತರಾಗಿ ನಿಂತರು. ಕೃತಿ ಅಶ್ಲೀಲವಲ್ಲವೆಂದು ನ್ಯಾಯಾಧೀಶರು ತೀರ್ಪಿತ್ತರು. ತನ್ನ ಆಯ್ಕೆಗಾಗಿ ಸೆರೆಮನೆಗೂ ಹೋಗಲು ಸಿದ್ಧವಾದ ಮನುಷ್ಯನೊಬ್ಬನು ಗಲ್ಲಾಪೆಟ್ಟಿಗೆಯ ಹಿಂದೆ ಇರಬಲ್ಲನಾದರೆ, ಆ ಅಂಗಡಿಯ ವ್ಯಾಪಾರವನ್ನು ಕೇವಲ ವ್ಯಾಪಾರವೆನ್ನಲಾಗದು.

ಸ್ವಾತಂತ್ರ್ಯವೊಂದೇ ಸಾಕೆಂದೂ ನಾನು ಹೇಳುವುದಿಲ್ಲ. ಸ್ವತಂತ್ರನಾದ ಅಂಗಡಿಯವನು ಸಂಕುಚಿತನಾಗಿರಬಹುದು, ಸೋಮಾರಿಯಾಗಿರಬಹುದು, ತನ್ನ ಪಂಗಡದ ಪುಸ್ತಕಗಳಿಗೆ ಮಾತ್ರ ಬಾಗಿಲು ತೆರೆಯುವವನಾಗಿರಬಹುದು. ಲೇಖಕನಿಗೆ ಸಲ್ಲಬೇಕಾದ ಹಣವನ್ನು ವರ್ಷಗಟ್ಟಲೆ ತಡೆಹಿಡಿಯುವವನೂ ಆಗಿರಬಹುದು. ಅದಕ್ಕಾಗಿಯೇ ವೃತ್ತಿಗೆ ಧರ್ಮದ ನಿಯಮ ಬೇಕಾಗುವುದು. ಮಹಾಭಾರತದ ಶಾಂತಿಪರ್ವದಲ್ಲಿ, ತನ್ನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡುವಷ್ಟು ಕಾಲ ನಿಶ್ಚಲನಾಗಿ ನಿಂತು ತಪಸ್ಸು ಮಾಡಿ ಗರ್ವಿತನಾದ ಜಾಜಲಿಯು, ಧರ್ಮದಲ್ಲಿ ನೀನು ಕಾಶಿಯ ತುಲಾಧಾರನಿಗೆ ಸಮನಲ್ಲವೆಂಬ ವಾಣಿಯನ್ನು ಕೇಳಿ, ಅಂಗಡಿಯಲ್ಲಿ ಸರಕು ತೂಗುತ್ತಿದ್ದ ಆ ವಣಿಜನ ಮುಂದೆ ಹೋಗಿ ನಿಂತು ಉಪದೇಶ ಪಡೆಯಬೇಕಾಯಿತು. ತುಲಾಧಾರನ ಹಿರಿಮೆ ಅವನ ತಕ್ಕಡಿಯಲ್ಲಿತ್ತು: ಅದು ಸಮಸ್ತ ಪ್ರಾಣಿಗಳಿಗೂ ಸಮನಾಗಿತ್ತು, ಮದ್ಯವೊಂದನ್ನುಳಿದು ಬೇಕಾದ ಪದಾರ್ಥಗಳನ್ನು ಅವನು ಕಪಟವಿಲ್ಲದೆ ಕೊಂಡು ಕಪಟವಿಲ್ಲದೆ ಮಾರುತ್ತಿದ್ದನು. ಹನ್ನೆರಡನೆಯ ಶತಮಾನದ ನಮ್ಮ ಶರಣರು ಇದೇ ಸತ್ಯವನ್ನು ಕಾಯಕವೆಂಬ ತತ್ತ್ವವಾಗಿ ಎತ್ತಿಹಿಡಿದು, ಶುದ್ಧ ಮನಸ್ಸಿನಿಂದ ಮಾಡಿದ ದುಡಿಮೆಯೇ ಪೂಜೆಯೆಂದೂ ಅದರ ಫಲವು ದಾಸೋಹಕ್ಕೆ ಸಲ್ಲತಕ್ಕದ್ದೆಂದೂ ಸಾರಿದರು. ವಿದ್ಯಾವಿಕ್ರಯದ ನಿಂದೆಗೆ ನಮ್ಮ ಪರಂಪರೆಯೇ ಕೊಟ್ಟ ಸಮಾಧಾನ ಇದು. ಪ್ರಸಿದ್ಧನ ಪುಸ್ತಕಕ್ಕೂ ಅಪ್ರಸಿದ್ಧನ ಪುಸ್ತಕಕ್ಕೂ, ಸಿರಿವಂತ ಗಿರಾಕಿಗೂ ನಿಂತು ಓದುವ ಬಡ ವಿದ್ಯಾರ್ಥಿಗೂ ತಕ್ಕಡಿಯನ್ನು ಸಮವಾಗಿ ಹಿಡಿದ ಪುಸ್ತಕವ್ಯಾಪಾರಿಯು ಕಾಳಿದಾಸನ ನಿಂದೆಗೆ ಪಾತ್ರನಾಗುವುದಿಲ್ಲ. ಅವನು ತುಲಾಧಾರನ ಗೋತ್ರದವನು.

ತಕ್ಕಡಿ ಸಮವಾಗಿರಬೇಕಾದರೆ ಸಮಾಜವೂ ಅದನ್ನು ಒಂದು ಕಡೆಗೆ ಅದುಮಬಾರದು. ನೂರು ಬಗೆಯ ಬೇರೆ ಸರಕುಗಳ ಲಾಭದಿಂದ ಪೋಷಿತವಾದ ಬೃಹತ್ಸಂಸ್ಥೆಯು ಪುಸ್ತಕವನ್ನು ನಷ್ಟಕ್ಕೂ ಮಾರಿ ಗಿರಾಕಿಯನ್ನು ಸೆಳೆಯಬಲ್ಲದು. ಪುಸ್ತಕವೊಂದರಿಂದಲೇ ಬಾಡಿಗೆ ಕಟ್ಟಬೇಕಾದವನು ಹಾಗೆ ಮಾಡಲಾರನು. ಫ್ರಾನ್ಸ್ ದೇಶವು ಇದನ್ನು ಮನಗಂಡು 1981ರಲ್ಲಿ ಒಂದು ಶಾಸನವನ್ನು ಮಾಡಿ, ಹೊಸ ಪುಸ್ತಕದ ಬೆಲೆಯನ್ನು ಪ್ರಕಾಶಕನೇ ಗೊತ್ತುಮಾಡಬೇಕೆಂದೂ, ಅಂಗಡಿ ದೊಡ್ಡದಿರಲಿ ಚಿಕ್ಕದಿರಲಿ ಶೇಕಡಾ 5ಕ್ಕಿಂತ ಹೆಚ್ಚು ರಿಯಾಯಿತಿ ಕೊಡಬಾರದೆಂದೂ ವಿಧಿಸಿತು. ಪುಸ್ತಕವು ಇತರ ಸರಕುಗಳಂಥದಲ್ಲವೆಂಬ ಒಂದು ತಾತ್ತ್ವಿಕ ನಿರ್ಣಯವು ಅಲ್ಲಿ ರಾಜ್ಯದ ಕಾನೂನಾಗಿದೆ.

ಆದರೆ ಕಾನೂನು ಬರುವವರೆಗೂ ಕಾಯದೆ ಓದುಗನು ಇಂದೇ ಮಾಡಬಹುದಾದ ಕರ್ತವ್ಯವೊಂದಿದೆ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೊಡನೆ ಹುಟ್ಟುತ್ತಾನೆಂದೂ, ಋಷಿಋಣವು ಅಧ್ಯಯನದಿಂದ ತೀರುತ್ತದೆಂದೂ ನಮ್ಮ ಶ್ರುತಿಯ ಮತ. ಅಧ್ಯಯನವು ಒಬ್ಬನೇ ಕುಳಿತು ಮಾಡುವ ಕಾರ್ಯವಾಗಿ ಕಂಡರೂ, ಗ್ರಂಥವನ್ನು ಬರೆದವನಿಂದ ನಮ್ಮ ಕೈಗೆ ತಲುಪಿಸಿದವನವರೆಗಿನ ಇಡೀ ಪರಂಪರೆಯ ಮೇಲೆ ಅದು ನಿಂತಿದೆ. ಆ ಪರಂಪರೆಯ ಕೊನೆಯ ಕೊಂಡಿಯಾದವನ ಋಣವನ್ನು ತೀರಿಸದೆ ಋಷಿಋಣವು ತೀರಿತೆಂದುಕೊಳ್ಳುವುದು ಆತ್ಮವಂಚನೆ. ಅಂಗಡಿಯಲ್ಲಿ ಗಂಟೆಗಟ್ಟಲೆ ತಡಕಾಡಿ, ಅಂಗಡಿಯವನ ಮಾತಿನಿಂದ ಒಂದು ಪುಸ್ತಕವನ್ನು ಕಂಡುಕೊಂಡು, ಐವತ್ತು ರೂಪಾಯಿ ಉಳಿಯುತ್ತದೆಂದು ಅದನ್ನು ಬೇರೆಡೆಯಿಂದ ತರಿಸಿಕೊಳ್ಳುವವನು, ದಾನವನ್ನು ಪಡೆದು ದಾತೃವನ್ನು ಹಸಿವಿಗೆ ದೂಡಿದವನಾಗುತ್ತಾನೆ. ಆ ಐವತ್ತು ರೂಪಾಯಿ ಪುಸ್ತಕದ ಬೆಲೆಯಲ್ಲ, ಅಂಗಡಿಯವನಿಗೆ ಮಾಡುವ ಉಪಕಾರವೂ ಅಲ್ಲ. ನಮ್ಮ ಮಕ್ಕಳು ಬೇಕೆಂದು ತಮಗೆ ಗೊತ್ತಿಲ್ಲದ ಗ್ರಂಥವನ್ನು ಕಂಡುಕೊಳ್ಳುವುದಕ್ಕೆ ಊರಿನಲ್ಲಿ ಒಂದು ಬಾಗಿಲು ತೆರೆದಿರಲೆಂದು ನಾವು ಸಲ್ಲಿಸುವ ಕಾಣಿಕೆ. ಕಂಡಲ್ಲಿಯೇ ಕೊಳ್ಳುವುದು, ಕೊಂಡದ್ದನ್ನು ಓದುವುದು, ಓದಿದ್ದರ ವಿಷಯವಾಗಿ ಅದೇ ಅಂಗಡಿಗೆ ಮರಳಿ ಹೋಗಿ ಮಾತನಾಡುವುದು: ಓದುಗಧರ್ಮದ ಈ ಮೂರು ವಿಧಿಗಳನ್ನು ಪ್ರತಿಯೊಂದು ಊರಿನಲ್ಲಿ ಕೆಲವರಾದರೂ ನಿಷ್ಠೆಯಿಂದ ಪಾಲಿಸಿದರೆ ಸ್ವತಂತ್ರ ಪುಸ್ತಕದಂಗಡಿಯು ಬದುಕುತ್ತದೆ, ಅದು ಬದುಕಿದ್ದರೆ ಹೊಸದನ್ನು ಬರೆಯುವ ಧೈರ್ಯವೂ, ಹಳೆಯದನ್ನು ಮತ್ತೆ ಓದುವ ಶ್ರದ್ಧೆಯೂ ನಮ್ಮ ನಾಡಿನಲ್ಲಿ ಬದುಕಿರುತ್ತವೆ.